ಗುಂಡಿ ಕೀಳುವ ನಮ್ಮ ಸೋದರತ್ತೆ

ಅಫಜಲಪುರದಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ನೀವು ಯಾವತ್ತಾದರೂ ಹೋಗುವುದಾದರೆ ಜಿಪ್ ಇರುವ ಜಾಕೀಟು ಹಾಕಿಕೊಂಡು ಹೋಗಿ. ಮೇ ತಿಂಗಳಾದರೂ ಸರಿ! ನಮ್ಮ ಕಡೆಯ ಬಿಸಿಲಿನಲ್ಲಿ ಜಾಕೀಟು ಹಾಕಿಕೊಂಡವರನ್ನು ಕಂಡರೆ ಜನ ನಗುತ್ತಾರೆ, ನಿಜ. ಆದರೆ ಒಳ್ಳೆಯ ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗಿ, ಬರುವಾಗ ಎದೆಗೆ ಕೈ ಅಡ್ಡ ಹಿಡಿದುಕೊಂಡು ಬಸ್ಸು ಹತ್ತಿದರೆ ನಗದೆ ಬಿಡುತ್ತಾರೆಯೇ?

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಮನೆಗೆ ಬಂದವರ ಮುಖವನ್ನು ಅವಳು ಮೊದಲು ನೋಡಿದ್ದು ನಾನಂತೂ ಕಂಡಿಲ್ಲ. ಮೊದಲು ಅಂಗಿ, ಆಮೇಲೆ ಅಂಗಿಯ ಗುಂಡಿ, ಪುರುಸೊತ್ತು ಸಿಕ್ಕರೆ ಕೊನೆಗೆ ಮುಖ. "ಬರ್ರಿ, ಕುಂಡರ್ರಿ" ಅನ್ನುವ ಉಸಿರಿನಲ್ಲೇ ಅವಳ ಕೈ ಮುಂದೆ ಬಂದಿರುತ್ತದೆ.

"ಈ ಗುಂಡಿ ಸಡ್ಲ ಆಗ್ಯದಲ್ರಿ! ಎಲ್ಲ್ಯಾರ ಬಿದ್ದು ಕಳೀತದ ನೋಡ್ರಿ. ಕೊಡ್ರಿ ಇಲ್ಲೆ, ಜೋಪಾನ ಮಾಡಿ ಇಡ್ತೇನಿ."

ಸಡಿಲವಾಗದ ಗುಂಡಿ ಎಂಬುದು ಅತ್ತೆಯ ಪ್ರಪಂಚದಲ್ಲಿ ಇಲ್ಲವೇ ಇಲ್ಲ. ಒಂದು ವೇಳೆ ಇದ್ದರೂ ಅವಳು ಹಿಡಿದು ನೋಡಿದ ಮೇಲೆ ಅದು ಸಡಿಲವಾಗಲೇಬೇಕು!

ಕಿತ್ತ ಗುಂಡಿಗಳಿಂದ ಅವಳು ಆಭರಣ ಮಾಡುತ್ತಾಳೆ. ಕೋಟಿನ ದಪ್ಪ ಗುಂಡಿ ಕೆಳಗೆ, ಅದರ ಮೇಲೆ ಅಂಗಿಯದು, ಅದರ ಮೇಲೆ ಕೂಸಿನ ಝಬಲಾದ್ದು, ಹೀಗೆ ಪೇರಿಸಿ ತಂತಿ ಪೋಣಿಸಿದರೆ ಜುಮಕಿ. ಹಳದಿ ಗುಂಡಿಗಳನ್ನೇ ಆರಿಸಿ ಒತ್ತೊತ್ತಾಗಿ ಕಟ್ಟಿದರೆ ಬೋರಮಾಳ ಸರ. ದೂರದಿಂದ ನೋಡಿದರೆ ಬಂಗಾರದ್ದೇ ಅನ್ನಬೇಕು. ಹತ್ತಿರದಿಂದ ನೋಡಿದರೆ ಯಾರ ಅಂಗಿಯದೆಂದು ಹೇಳಬಹುದು! ಇದಲ್ಲದೆ ಬಳೆ, ಜಡೆಬಿಲ್ಲೆ, ಬಾಗಿಲ ತೋರಣ, ಗೋಡೆಗೆ ಹಾಕುವ ನವಿಲು, ಆರತಿ ತಟ್ಟೆಯ ಅಂಚು. ನೀರಿನ ಕೊಡವೊಂದನ್ನು ಬಿಟ್ಟು ಆ ಮನೆಯಲ್ಲಿ ಗುಂಡಿ ಹತ್ತದ ವಸ್ತುವಿಲ್ಲ. ಕೊಡಕ್ಕೂ ಹಚ್ಚಿ ನೋಡಿದ್ದಳಂತೆ, ಅಂಟು ನಿಲ್ಲಲಿಲ್ಲವಂತೆ.

ಈ ಹುಚ್ಚು ಹುಟ್ಟಿಸಿದವಳು ಎದುರು ಮನೆಯ ಚಾಂದಬೀ. ಅವಳು ಊರ ಹೆಂಗಸರ ಕುಬಸ, ಮಕ್ಕಳ ಅಂಗಿ ಹೊಲಿಯುವವಳು. ಎಲ್ಲರೂ ಸಿದ್ಧ ಉಡುಪು ತರಲು ಶುರು ಮಾಡಿದ ಮೇಲೆ ಮಕ್ಕಳ ಅಂಗಿ ಹೊಲಿಸುವವರು ಇಲ್ಲವಾದರು. ಉಳಿದ ಗುಂಡಿಗಳ ಡಬ್ಬಿಗಳು ಮನೆ ತುಂಬ ಬಿದ್ದಿದ್ದವು. ಒಂದು ದಿನ ಅವನ್ನೆಲ್ಲ ತಂದು ಅತ್ತೆಯ ಮುಂದೆ ಸುರಿದಳು. ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬಣ್ಣ ಬಣ್ಣ ಬೇರೆ ಮಾಡುತ್ತ ಕುಳಿತಳು. ಒಲೆಯ ಮೇಲಿನ ಬೇಳೆ ಹೊತ್ತಿ ಕರಕಾಗಿ, ವಾಸನೆ ಬೀದಿಗೆ ಬಂದು, ಚಾಂದಬೀಯೇ ಓಡಿ ಬಂದು ಒಲೆ ಆರಿಸಬೇಕಾಯಿತು. ಇವತ್ತಿಗೂ ಅವಳು ಹಣೆ ಹಣೆ ಬಡಿದುಕೊಂಡು ಹೇಳುತ್ತಾಳೆ:

"ಮನಿ ಸಾಫ್ ಆಗ್ಲಿ ಅಂತ ಕೊಟ್ಟೆನ್ರಿ ಬಾಯಿ. ನನ್ನ ಮನಿ ಸಾಫ್ ಆತು, ಇವರ ದಿಮಾಕು ಖರಾಬ್ ಆತು!"

ನಾನು ಹುಟ್ಟಿದ್ದು ಜೇವರ್ಗಿಯಲ್ಲಿ, ಕೊಟ್ಟಿದ್ದು ಆಳಂದಕ್ಕೆ. ಅಲ್ಲಿ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮೈಸೂರು ಕಡೆಯಿಂದ ಬಂದ ಹೊಸ ಟೀಚರೊಬ್ಬರ ಮುಂದೆ ಒಮ್ಮೆ, "ನಮ್ಮ ಅತ್ತೆ ದಿನಾ ಗುಂಡಿ ಕೆಲಸದಲ್ಲೇ ಇರ್ತಾರೆ, ಊಟ ನಿದ್ದೆ ಖಬರಿಲ್ಲ" ಎಂದೆ. ಅವರ ಕಣ್ಣು ತುಂಬಿ ಬಂದವು. "ಅಯ್ಯೋ, ಈ ವಯಸ್ಸಿನಲ್ಲಿ ರಸ್ತೆ ಗುಂಡಿ ಮುಚ್ತಾರಾ? ಎಂಥ ದೊಡ್ಡ ಮನಸ್ಸು!" ಅಂದರು. ನಾನು ತಿದ್ದಲು ಹೋಗಲಿಲ್ಲ. ನಮ್ಮ ಮನೆತನಕ್ಕೆ ಪುಕ್ಕಟೆ ಬರುವ ಮರ್ಯಾದೆಯನ್ನು ಯಾಕೆ ಬೇಡ ಅನ್ನಲಿ?

ಮರ್ಯಾದೆ ಅಂದ ಮೇಲೆ ನಮ್ಮ ಮನೆಯವರ ಕೋಟಿನ ಕತೆ ಹೇಳಬೇಕು. ಜೇವರ್ಗಿಯಲ್ಲಿ ನನ್ನ ತಮ್ಮನ ಮದುವೆ. ಹಿಂದಿನ ದಿನ ಅತ್ತೆ ಮಾಮಾರನ್ನು ಕರೆದುಕೊಂಡು ಹೋಗಲು ಅಫಜಲಪುರಕ್ಕೆ ಬಂದು ಅಲ್ಲೇ ಉಳಿದೆವು. ಮದುವೆಗೆಂದು ತಂದ ಕೋಟನ್ನು ನಮ್ಮವರು ಗೂಟಕ್ಕೆ ತೂಗುಹಾಕಿದರು. ಹೊಸಬರು, ಪಾಪ, ಗೊತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಕೋಟಿನ ಬಂಗಾರ ಬಣ್ಣದ ಗುಂಡಿಗಳು ಮಾಯ! ಅವುಗಳ ಜಾಗದಲ್ಲಿ ಒಂದು ಹಸಿರು, ಒಂದು ಕೆಂಪು, ಒಂದು ಹೂವಿನಾಕಾರದ್ದು.

"ಅತ್ತಿ, ಕೋಟಿನ ಗುಂಡಿ ಎಲ್ಲಿ?" ಎಂದೆ.

"ಅವು ಕೋಟಿನ್ಯಾಗ ಇದ್ದು ಏನ್ ಮಾಡ್ತಿದ್ವು? ಕಪಾಟದಾಗ ಕತ್ತಲ್ಯಾಗ ಕುಂಡರ್ತಿದ್ವು. ಬರಿಗೈಲೆ ಬಿಟ್ಟಿಲ್ಲಲ್ಲ ಬೇ, ಬದಲಿ ಹಚ್ಚೇನಿ!"

ಮಾಮಾ, ಅಂದರೆ ಅತ್ತೆಯ ಗಂಡ, ಪೇಪರಿನ ಹಿಂದಿನಿಂದ ಮುಖ ಹೊರಗೆ ತೆಗೆದು ಅಳಿಯನಿಗೆ ಸಮಾಧಾನ ಹೇಳಿದರು. "ಹಾಕ್ಕೊಂಡು ಹೋಗ್ರಿ. ಸಿಗ್ನಲ್ ಲೈಟ್ ಇದ್ದಂಗ ಅದ. ಗದ್ದಲದಾಗ ಕಳದ್ರ ಲಗೂ ಸಿಗ್ತೀರಿ." ಮತ್ತೆ ಪೇಪರಿನ ಹಿಂದೆ ಹೋದರು. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರು ಮಾತಾಡುವುದೇ ಅಷ್ಟು.

ನಮ್ಮವರು ಅದನ್ನೇ ಹಾಕಿಕೊಂಡು ಮದುವೆಗೆ ಬಂದರು. ಹೆಣ್ಣಿನ ಕಡೆಯ ಇಬ್ಬರು ಹುಡುಗರು ಪಕ್ಕಕ್ಕೆ ಕರೆದು, "ಅಣ್ಣಾ, ಇದು ಕಲಬುರಗ್ಯಾಗ ಯಾವ ಅಂಗಡ್ಯಾಗ ಸಿಗ್ತದ?" ಎಂದು ಕೇಳಿದರಂತೆ. ಅಸಲಿ ಗುಂಡಿಗಳು ಮುಂದಿನ ವಾರ ಗೋಡೆಯ ನವಿಲಿಗೆ ಕಣ್ಣಾದವು. ಇಂದಿಗೂ ಆ ಮನೆಗೆ ಹೋದರೆ ನಮ್ಮವರು ನವಿಲಿಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಾರೆ. "ನನ್ನ ಕೋಟು ನನ್ನನ್ನೇ ನೋಡಾಕತ್ತದ, ಊಟ ಇಳಿಯಂಗಿಲ್ಲ" ಎನ್ನುತ್ತಾರೆ.

ಮನೆಯಲ್ಲಿ ಹೀಗಾದರೆ ಹೊರಗೆ ಹೇಗೆ ಅನ್ನುತ್ತೀರಾ? ಒಮ್ಮೆ ಅತ್ತೆಯ ಜತೆ ಕಲಬುರಗಿ ಬಸ್ಸಿನಲ್ಲಿ ಹೊರಟಿದ್ದೆ. ಕಂಡಕ್ಟರ್ ಬಂದು ಇಬ್ಬರಿಗೂ ಹೆಂಗಸರ ಪುಕ್ಕಟೆ ಟಿಕೇಟು ಹರಿದುಕೊಟ್ಟ. ಅತ್ತೆಯ ಕಣ್ಣು ಅವನ ಖಾಕಿ ಅಂಗಿಗೆ ನೆಟ್ಟಿತ್ತು.

"ತಮ್ಮಾ, ಮ್ಯಾಲಿಂದ ಎರಡನೇ ಗುಂಡಿ ಭಾಳ ಛಂದ ಅದ. ಕೊಡ್ತೀಯೇನಪಾ?"

ಕಂಡಕ್ಟರ್ ಸರಕ್ಕನೆ ಎದೆ ಮುಟ್ಟಿಕೊಂಡ. "ಯವ್ವಾ, ಡ್ಯೂಟಿ ಮ್ಯಾಲೆ ಇದ್ದೇನಿ!"

"ಅಲ್ಲೋ, ಟಿಕೇಟ ಪುಕ್ಕಟೆ ಕೊಟ್ಟಿ, ಒಂದು ಗುಂಡಿ ಕೊಡಾಕ ಏನಾತು?"

"ಟಿಕೇಟ ಸರ್ಕಾರ ಕೊಟ್ಟದವ್ವಾ. ಗುಂಡಿ ನನ್ನ ಹೆಂಡ್ತಿ ಹಚ್ಯಾಳ!"

"ಹಂಗಾರ ಆಕೀ ನಂಬರ ಕೊಡು. ಆಕೀಗೇ ಕೇಳ್ತೇನಿ."

ಬಸ್ಸಿಗೆ ಬಸ್ಸೇ ನಕ್ಕಿತು. ಆ ಪುಣ್ಯಾತ್ಮ ಇಡೀ ದಾರಿ ನಮ್ಮ ಸೀಟಿನ ಕಡೆ ತಿರುಗಲಿಲ್ಲ. ಆದರೆ ಇಳಿಯುವಾಗ ಕೆಳಗಿನಿಂದ ಒಂದು ಗುಂಡಿಯನ್ನು, ಪ್ಯಾಂಟಿನೊಳಗೆ ಸೇರಿಸಿಕೊಂಡರೆ ಕಾಣದಂಥದನ್ನು, ತಾನೇ ಕಿತ್ತು ಅತ್ತೆಯ ಕೈಯಲ್ಲಿಟ್ಟ. "ತಗೋ ಯವ್ವಾ, ನಮ್ಮವ್ವನೂ ಹಿಂಗೇ ಇದ್ಲು" ಅಂದ. ಅವನ ಅವ್ವನೂ ಗುಂಡಿ ಕೀಳುತ್ತಿದ್ದಳೋ, ಸುಮ್ಮನೆ ಹಟ ಮಾಡುತ್ತಿದ್ದಳೋ ಕೇಳುವಷ್ಟರಲ್ಲಿ ಬಸ್ಸು ಬಿಟ್ಟಿತು.

ಇಷ್ಟು ಛಂದದ ಸಾಮಾನು ಮನೆಯಲ್ಲೇ ಕೊಳೆಯುವುದೇಕೆ ಎಂದು ನನಗೊಂದು ಬುದ್ಧಿ ಬಂತು. ಆಳಂದದಲ್ಲಿ ಮಹಿಳಾ ಸಂಘಗಳ ಮಾರಾಟ ಮೇಳ ನಡೆದಾಗ ಅತ್ತೆಗೂ ಒಂದು ಮೇಜು ಹಿಡಿಸಿದೆ. ಒಂದು ಕಡೆ ಶೇಂಗಾ ಹೋಳಿಗೆ, ಇನ್ನೊಂದು ಕಡೆ ಖಾರಪುಡಿ, ನಡುವೆ ನಮ್ಮ ಅತ್ತೆ. ಜನ ಮುಗಿಬಿದ್ದರು. ಆದರೆ ಕೊಳ್ಳುವವರು ಆರಿಸುವುದಲ್ಲ, ಅತ್ತೆ ಕೊಳ್ಳುವವರನ್ನು ಆರಿಸುತ್ತಾಳೆ ಎಂಬುದು ನನಗೂ ಅವತ್ತೇ ತಿಳಿದದ್ದು!

ಕಡಗಂಚಿಯ ಯೂನಿವರ್ಸಿಟಿಯಲ್ಲಿ ಓದುವ ಹುಡುಗಿಯೊಬ್ಬಳು ಆಸೆಪಟ್ಟು ಒಂದು ಜೊತೆ ಜುಮಕಿ ಎತ್ತಿಕೊಂಡಳು. ಅತ್ತೆ ಅವಳ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೈಯಿಂದ ಜುಮಕಿ ಕಸಿದುಕೊಂಡಳು.

"ಇವು ಬ್ಯಾಡವಾ. ನಿಂದು ಎರಡು ತೂತಿನ ಮುಖ. ಇವು ನಾಕು ತೂತಿನವು."

ಹುಡುಗಿ ಗಾಬರಿಯಾಗಿ ಮುಖ ಮುಟ್ಟಿ ನೋಡಿಕೊಂಡಳು. ಯಾರಿಗೆ ತಾನೆ ಗಾಬರಿಯಾಗುವುದಿಲ್ಲ? ಗುಂಡು ಮುಖಕ್ಕೆ ಎರಡು ತೂತಿನ ಗುಂಡಿ, ಉದ್ದ ಮುಖಕ್ಕೆ ನಾಲ್ಕು ತೂತಿನದು ಒಪ್ಪುತ್ತದೆ ಎಂಬುದು ಅತ್ತೆಯ ಶಾಸ್ತ್ರ. ಚೀಲದ ತಳದಿಂದ ಹುಡುಕಿ ಎರಡು ತೂತಿನ ಜುಮಕಿ ತೆಗೆದು ತಾನೇ ಕಿವಿಗೆ ಹಾಕಿದಳು. ಹುಡುಗಿ ರೊಕ್ಕ ಚಾಚಿದರೆ ಕೈ ಸರಿಸಿದಳು. ಸಂಜೆಯವರೆಗೆ ಹೀಗೇ ನಡೆಯಿತು. ಒಪ್ಪದವರಿಗೆ ಇಲ್ಲ, ಒಪ್ಪಿದವರಿಗೆ ಪುಕ್ಕಟೆ.

"ಇದೆಂಥ ವ್ಯಾಪಾರ ಅತ್ತಿ?" ಎಂದು ನಾನು ಸಿಡಿಮಿಡಿಗೊಂಡೆ.

"ಮಾರಿದ್ರ ಅದು ಅವರದಾಗ್ತದ ಬೇ. ಹಂಗೇ ಕೊಟ್ರ ಅವರ ಕಿವ್ಯಾಗ ಇದ್ರೂ ನಂದೇ ಇರ್ತದ."

ಸಂಜೆ ಚೀಲ ಎತ್ತಿದರೆ ಬೆಳಿಗ್ಗೆಗಿಂತ ಭಾರ. ಇಳಿಸಿ ನೋಡಿದೆ. ಸಾಮಾನು ಕಡಿಮೆಯಾಗಿತ್ತು, ಆದರೆ ಮೇಳಕ್ಕೆ ಬಂದವರ ಗುಂಡಿಗಳು ತಳದಲ್ಲಿ ರಾಶಿ ಬಿದ್ದಿದ್ದವು!

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮಾಮಾ ಮನೆಯಿಂದ ಹೊರಗೆ ಬೀಳುವುದು ಕಡಿಮೆ ಮಾಡಿದರು. ಅವರು ದಿನಾ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಬಿಳಿ ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಬಜಾರಿಗೆ ಹೋಗುವವರು. ಅಲ್ಲಿ ಹಳೆಯ ಗೆಳೆಯನ ಕಿರಾಣಿ ಅಂಗಡಿಯ ಬೆಂಚಿನ ಮೇಲೆ ಕುಳಿತು ಚಹಾ ಕುಡಿದು, ತೊಗರಿಯ ಧಾರಣೆ, ಭೀಮೆಯ ನೀರು, ಊರ ಸುದ್ದಿ ಕೇಳಿಕೊಂಡು ಮಧ್ಯಾಹ್ನ ಊಟಕ್ಕೆ ಬರುವವರು. ಮನೆಯಲ್ಲಿ ಆಡದ ಮಾತೆಲ್ಲ ಅಲ್ಲಿ ಆಡುತ್ತಾರೆಂದು ಅತ್ತೆಯ ಗುಮಾನಿ. ಅಂಥವರು "ಬಿಸಿಲು ಭಾಳ", "ಅಲ್ಲಿ ಯಾರ ಅದಾರ", "ನಾಳಿ ಹೋದ್ರಾತು" ಎನ್ನತೊಡಗಿದರು.

ಅವರ ಕೈ ನಡುಗಲು ಶುರುವಾಗಿತ್ತು. ಮೊದಲು ಬಸಿಯಲ್ಲಿ ಚಹಾದ ಕಪ್ಪು ಕಟಕಟ ಅನ್ನುತ್ತಿತ್ತು. ಆಮೇಲೆ ರೊಟ್ಟಿ ಮುರಿಯುವುದು ಕಷ್ಟವಾಯಿತು. ಕಲಬುರಗಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದು ಹೆಚ್ಚಾಗದಂತೆ ತಡೆಯಬಹುದು, ಪೂರಾ ಹೋಗುವುದು ಕಷ್ಟ ಎಂದಿದ್ದರು. ಮಾಮಾ ಅದಕ್ಕೂ "ಹ್ಞೂಂ" ಅಂದಿದ್ದರು.

ಒಂದು ದಿನ ಅವರು ಬಜಾರಿಗೆ ಹೊರಟು ಓಣಿಯ ತುದಿ ತಲುಪಿದ್ದರು. ಅಲ್ಲಿ ಯಾರೋ ಎದುರಾಗಿ, "ಸಾಹೇಬ್ರ, ಗುಂಡಿ ಮ್ಯಾಲ ಕೆಳಗ ಆಗ್ಯಾವ ನೋಡ್ರಿ" ಅಂದು ನಕ್ಕರಂತೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮಾಮಾ ಅಲ್ಲೇ ನಿಂತು ಸರಿ ಮಾಡಿಕೊಳ್ಳಲು ನೋಡಿದರು. ಬೆರಳು ಮಾತು ಕೇಳಲಿಲ್ಲ. ಎದುರಿಗಿದ್ದವನು ಕೈ ಮುಂದೆ ಮಾಡಿದ. ಮಾಮಾ ಅಷ್ಟಕ್ಕೇ ತಿರುಗಿ ಮನೆಗೆ ಬಂದುಬಿಟ್ಟರು.

ಮರುದಿನ ನಾನು ಅಲ್ಲಿದ್ದೆ. ಮಾಮಾ ಒಳಕೋಣೆಯಲ್ಲಿ ಅಂಗಿ ಹಾಕಿಕೊಳ್ಳುತ್ತ ಬಹಳ ಹೊತ್ತು ಮಾಡಿದರು. ಅತ್ತೆ ಹೋಗಿ, "ತರ್ರಿ ಇಲ್ಲೆ, ನಾ ಹಾಕ್ತೇನಿ" ಅಂದಳು.

"ಬಿಡು! ನಾ ಏನ್ ಕೂಸೇನ?"

ಮಾಮಾ ದನಿ ಎತ್ತರಿಸಿದ್ದು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಹೊರಗೆ ಬಂದು ಕುಳಿತಳು. ಬಟ್ಟಲಲ್ಲಿ ಅರ್ಧ ಪೋಣಿಸಿದ ಸರವಿತ್ತು. ಅದನ್ನು ಮುಟ್ಟಲಿಲ್ಲ.

ನಮ್ಮವರು ಒಂದು ಉಪಾಯವೆಂದು ಕಾಲರ್ ಇರುವ ಒಳ್ಳೆಯ ಟೀ ಶರ್ಟ್ ತಂದುಕೊಟ್ಟರು. ತಲೆಯಿಂದ ಹಾಕಿಕೊಂಡರೆ ಮುಗಿಯಿತು. ಮಾಮಾ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದನ್ನ ಹಾಕ್ಕೊಂಡು ಏನ್ ಕ್ರಿಕೆಟ್ ಆಡಾಕ ಹೋಗಲೇನ್ರಿ?" ಎಂದು ಮಡಚಿ ಕೊಟ್ಟರು. ಅವತ್ತಿನಿಂದ ಹೊರಗೆ ಹೋಗುವುದು ಪೂರಾ ನಿಂತಿತು. ಮನೆಯೊಳಗೆ ಬನಿಯನ್, ಮೇಲೊಂದು ಟವೆಲ್ಲು. ಪೇಪರನ್ನು ಎರಡು ಸಲ ಓದುವುದು, ಕಿಟಕಿಯಿಂದ ಓಣಿ ನೋಡುವುದು.

ಕೆಲವು ವಾರದ ಮೇಲೆ ಅತ್ತೆ ಹೇಳದೆ ಕೇಳದೆ ಆಳಂದಕ್ಕೆ ಬಂದಳು. ಚಪ್ಪಲಿ ಬಿಡುವ ಮೊದಲೇ, "ನಿನ್ನ ಪರ್ಸ್ ಕೊಡು ಬೇ" ಅಂದಳು. ಕೊಟ್ಟೆ. ಅದರ ಬಾಯಿ ತೆರೆದಳು, ಮುಚ್ಚಿದಳು. ಟಪ್. ತೆರೆದಳು, ಮುಚ್ಚಿದಳು. ಟಪ್. ನಾನು ಚಹಾ ಮಾಡಿ ತರುವಷ್ಟರಲ್ಲಿ ಕತ್ತರಿ ಹಾಕಿ ಪರ್ಸಿನ ಮ್ಯಾಗ್ನೆಟ್ ಗುಂಡಿ ಕತ್ತರಿಸಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಹೊಸ ಪರ್ಸು! ಈ ಹುಚ್ಚು ಮತ್ತೆ ಶುರುವಾಯಿತಲ್ಲ ಎಂದು ಸಿಟ್ಟಿನ ಜತೆ ಸಮಾಧಾನವೂ ಆಯಿತು.

"ಯಾವ ಸರಕ್ಕ ಅತ್ತಿ?"

"ಸರಕ್ಕಲ್ಲ" ಅಂದಳು, ಅಷ್ಟೇ. ಅವತ್ತೇ ಸಂಜೆಯ ಬಸ್ಸಿಗೆ ಹೊರಟಳು.

ಮುಂದಿನದನ್ನು ನನಗೆ ಹೇಳಿದವಳು ಚಾಂದಬೀ. ಮಾಮಾನ ಬಿಳಿ ಅಂಗಿಗೆ ಹಚ್ಚಿ ನೋಡಿದರೆ ಪರ್ಸಿನ ಗುಂಡಿ ದಪ್ಪವಾಗಿ ಗೋಲಿಯ ಹಾಗೆ ಉಬ್ಬಿ ಕಂಡಿತಂತೆ. ಆಗ ಚಾಂದಬೀ ತನ್ನ ಮಗಳು ತಲೆಯ ಸ್ಕಾರ್ಫಿಗೆ ಪಿನ್ನಿನ ಬದಲು ಹಚ್ಚುವ ತೆಳ್ಳನೆಯ ಮ್ಯಾಗ್ನೆಟ್ ತಂದು ತೋರಿಸಿದಳು. ಬಟ್ಟೆಯ ಮೇಲೊಂದು, ಕೆಳಗೊಂದು ಇಟ್ಟರೆ ಒಂದನ್ನೊಂದು ಹಿಡಿದುಕೊಂಡು ಬಿಡುತ್ತವೆ. ಇಬ್ಬರೂ ಸೇರಿ ಮಾಮಾನ ಹಳೆಯ ಅಂಗಿಯೊಂದನ್ನು ಚಾಂದಬೀ ಮನೆಗೆ ಒಯ್ದು ಪ್ರಯೋಗಕ್ಕೆ ಕುಳಿತರು. ಮೊದಲ ಸಲ ಒಂದು ಮ್ಯಾಗ್ನೆಟ್ ಉಲ್ಟಾ ಹೊಲಿದು ಎರಡೂ ಪಟ್ಟಿ ಒಂದನ್ನೊಂದು ಕಂಡು ದೂರ ಓಡತೊಡಗಿದವು. "ನನ್ನ ಮಗ ಸೊಸಿ ಹಂಗ!" ಎಂದು ಚಾಂದಬೀ ನಕ್ಕಳು. ಎರಡನೆಯ ಸಲ ಸರಿಯಾಯಿತು. ಆದರೆ ಅಂಗಿ ಹೋಗಿ ಹೊಲಿಗೆ ಯಂತ್ರಕ್ಕೇ ಅಂಟಿಕೊಂಡಿತು! ಬಿಡಿಸಿ, ಸಣ್ಣ ಮ್ಯಾಗ್ನೆಟ್ ತರಿಸಿ, ಮತ್ತೆ ಹೊಲಿದರು.

ಕೊನೆಗೆ ಆದದ್ದು ಹೀಗೆ: ಅಂಗಿಯ ಗುಂಡಿ ತೂರುವ ಕಾಜಾಗಳನ್ನೆಲ್ಲ ಹೊಲಿದು ಮುಚ್ಚಿ, ಅವುಗಳ ಮೇಲೆ ಅದೇ ಅಂಗಿಯ ಗುಂಡಿಗಳನ್ನು ಕೂರಿಸಿದ್ದರು. ಒಳಗೆ ಪಟ್ಟಿಯಲ್ಲಿ ಮ್ಯಾಗ್ನೆಟ್. ನೋಡುವವರಿಗೆ ಗುಂಡಿ ಹಾಕಿದ ಅಂಗಿ. ಹಾಕಿಕೊಳ್ಳುವವರು ಎರಡು ಪಟ್ಟಿ ಹತ್ತಿರ ತಂದರೆ ಸಾಕು, ತಮ್ಮಷ್ಟಕ್ಕೆ ತಾವೇ ಕೂಡುತ್ತವೆ. ತೋಳಿಗೂ ಹಾಗೇ ಮಾಡಿದ್ದರು. ಜೀವಮಾನವೆಲ್ಲ ಅಂಗಿಯಿಂದ ಗುಂಡಿ ಕಿತ್ತವಳು ಅಷ್ಟು ಗುಂಡಿಗಳನ್ನು ತಿರುಗಿ ಅಂಗಿಗೆ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಆ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅತ್ತೆ ಅಂಗಿಯನ್ನು ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದಳು. ಮಾಮಾನಿಗೆ ಒಂದು ಮಾತೂ ಹೇಳಲಿಲ್ಲ. ಬಂದು ಬಟ್ಟಲು ಮುಂದಿಟ್ಟುಕೊಂಡು ಗುಂಡಿ ಆರಿಸುತ್ತ ಕುಳಿತಳು. ನೋಡಿದರೆ ಕೆಂಪು, ಬಿಳಿ ಎಲ್ಲ ಒಂದೇ ಕಡೆ ಹಾಕುತ್ತಿದ್ದಳು.

ಒಳಗಿನಿಂದ ಟಪ್ ಎಂದು ಸಣ್ಣ ಸದ್ದು ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೊಂದು ಟಪ್. ಆಮೇಲೆ ಬಿಟ್ಟು ಬಿಟ್ಟು ಉಳಿದವು. ಮಾಮಾ ಕನ್ನಡಿಯ ಮುಂದೆ ನಿಂತಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಎದೆಯ ಮೇಲೆ ಕೈಯಾಡಿಸಿ ನೋಡಿಕೊಂಡರು. ಕೈ ನಡುಗುತ್ತಲೇ ಇತ್ತು.

ಹೊರಗೆ ಬಂದು ಅತ್ತೆಯ ಮುಂದೆ ನಿಂತರು. ಅತ್ತೆ ತಲೆ ಎತ್ತಲಿಲ್ಲ.

"ಬಜಾರಕ್ಕ ಹೋಗಿ ಬರ್ತೇನಿ. ಚಾ ಇಡಬ್ಯಾಡ."

"ಹೋಗ್ರಿ. ಯಾರ ಬ್ಯಾಡ ಅಂದಾರ?"

ಮಾಮಾ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಒಂದು ಕ್ಷಣ ನಿಂತರು. "ಈ ಅಂಗಿ ಯಾರ ಹೊಲಿದಾರ? ಛಲೋ ಹೊಲಿದಾರ."

"ಯಾರೋ ಹುಚ್ಚರು ಇರಬೇಕ್ರಿ."

ಮಾಮಾ ನಕ್ಕರೋ ಏನೋ, ಮುಖ ಆ ಕಡೆ ಇತ್ತು. ಮೆಟ್ಟಿಲು ಇಳಿದು ಹೋದರು.

ಅತ್ತೆ ಕುಳಿತಲ್ಲಿಂದ ಏಳಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಬಾಗಿಲಿಗೆ ಹೋಗಿ ನೋಡು ಬೇ. ಓಣಿ ತುದಿಗೆ ಹೋದ್ರೇನ?"

ನೋಡಿದೆ. ಓಣಿಯ ತುದಿಯಲ್ಲಿ ಮಾಮಾ ಯಾರ ಜತೆಗೋ ನಿಂತು ಮಾತಾಡುತ್ತಿದ್ದರು. ಬಲಗೈ ಜೇಬಿನಲ್ಲಿತ್ತು. ಬಿಸಿಲಿಗೆ ಬಿಳಿ ಅಂಗಿ ಹೊಳೆಯುತ್ತಿತ್ತು.

"ಹೋದ್ರು ಅತ್ತಿ. ಯಾರೋ ಸಿಕ್ಕಾರ, ಮಾತಾಡಾಕತ್ತಾರ."

"ತಿರುಗಿ ಬರಾಕತ್ತಾರೇನ?"

ಮಾಮಾ ಎದುರಿಗಿದ್ದವನ ಹೆಗಲು ತಟ್ಟಿ, ಬಜಾರದ ಕಡೆ ಹೊರಳಿ, ಗೋಡೆಯ ಮರೆಯಾದರು.

"ಇಲ್ಲ ಅತ್ತಿ. ಹೋಗೇ ಬಿಟ್ರು."

"ಹೋಗ್ಲಿ" ಅಂದಳು ಅತ್ತೆ. ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗ್ಲಿ, ಮಧ್ಯಾಹ್ನತನ ಬರೂದೇ ಬ್ಯಾಡ."